ತವರಿಗೆ ಹೋದ ಬಸುರಿಯೂ ಸರ್ಕಾರಿ ಸರ್ವರೂ

ನಮ್ಮ ಬೇಲಿಯಾಚೆ ಇರುವವರು ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ. ಬೀದಿಗೆಲ್ಲ ಇವತ್ತಿಗೂ ‘ಸಿಸ್ಟರ್’. ನಾನು ನಿವೃತ್ತ ಮೇಷ್ಟ್ರು. ಅವರು ಚುಚ್ಚುಮದ್ದು ಕೊಟ್ಟದ್ದಕ್ಕಿಂತ, ನಾನು ಪಾಠ ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ರಿಜಿಸ್ಟರ್ ಬರೆದಿದ್ದೇವೆ. ಹಾಗಾಗಿ ನಮ್ಮ ಮಾತು ಬದನೆ ಸಸಿಯಿಂದ ಶುರುವಾದರೂ ನಮೂನೆ, ಕಾಲಂ, ಷರಾಗಳಲ್ಲೇ ಬಂದು ನಿಲ್ಲುತ್ತದೆ.

ಆರೋಗ್ಯ ಇಲಾಖೆ ಪೂರ್ತಿ ಡಿಜಿಟಲ್ ಆಗುತ್ತಿದೆ ಎಂದು ಪೇಪರಿನಲ್ಲಿ ಓದಿ, “ನಿಮ್ಮ ಕಾಲದ ಕಷ್ಟ ಇನ್ನಿಲ್ಲ ಬಿಡಿ ಸಿಸ್ಟರ್” ಅಂದೆ. ದಾಸವಾಳ ಕೀಳುತ್ತಿದ್ದವರು ನನ್ನ ಕಡೆ ತಿರುಗಿದರು. “ಪುಸ್ತಕ ಹೋಗಿ ಮೊಬೈಲ್ ಬಂತು ಅಂದ್ಕೊಂಡ್ರಾ ಮೇಷ್ಟ್ರೇ? ಪುಸ್ತಕಾನೂ ಇದೆ, ಮೊಬೈಲೂ ಬಂತು.”

ಲೆಕ್ಕ ಒಪ್ಪಿಸುತ್ತಾ ಹೋದರು. ಅರ್ಹ ದಂಪತಿ ಪುಸ್ತಕ, ಗರ್ಭಿಣಿಯರ ಪುಸ್ತಕ, ಲಸಿಕೆಯದು, ಜ್ವರದ್ದು, ಔಷಧ ದಾಸ್ತಾನಿನದು. 2004ರಲ್ಲಿ ರೋಗ ಕಣ್ಗಾವಲು ಯೋಜನೆ ಬಂದು ವಾರಕ್ಕೊಂದು ನಮೂನೆ ಕೇಳಿತು. 2008ರಲ್ಲಿ ಆರೋಗ್ಯ ಮಾಹಿತಿ ವ್ಯವಸ್ಥೆಯಾದ ಎಚ್‌ಎಂಐಎಸ್ ಬಂದು ತಿಂಗಳಿಗೆ ಎಷ್ಟು ಹೆರಿಗೆ, ಎಷ್ಟು ಲಸಿಕೆ ಎಂದು ಕೇಳಿತು. ಮರುವರ್ಷ ಇನ್ನೊಂದು ಬಂದು, ಎಷ್ಟು ಎಂದರೆ ಸಾಲದು, ಯಾರು ಯಾರು ಅಂತ ಹೆಸರು ಬರೆಯಿರಿ ಎಂದಿತು. 2012ರಲ್ಲಿ ಕ್ಷಯಕ್ಕೆ ‘ನಿಕ್ಷಯ್’. ಆಮೇಲೆ ಗರ್ಭಿಣಿ-ಮಗುವಿನದೇ ಆರ್‌ಸಿಎಚ್ ಪೋರ್ಟಲ್, ಅದಕ್ಕೊಂದು ಟ್ಯಾಬ್. ಒಂದೊಂದು ಕಾರ್ಯಕ್ರಮಕ್ಕೂ ದೆಹಲಿಯಲ್ಲಿ ಒಂದೊಂದು ಕುರ್ಚಿ, ಒಂದೊಂದು ಕುರ್ಚಿಗೂ ಒಂದೊಂದು ಪೋರ್ಟಲ್. ಕೆಳಗೆ ಐದು ಸಾವಿರ ಜನಸಂಖ್ಯೆಯ ಉಪಕೇಂದ್ರದಲ್ಲಿ ಬರೆಯುವವಳು ಮಾತ್ರ ಒಬ್ಬಳೇ.

“ಇಷ್ಟೆಲ್ಲ ಬರೆದದ್ದು ನಿಮಗೆ ವಾಪಸ್ ಏನು ಹೇಳ್ತಿತ್ತು?”

“ಟಾರ್ಗೆಟ್ ಆಗಿಲ್ಲ ಅಂತ ಹೇಳ್ತಿತ್ತು” ಎಂದು ನಕ್ಕರು.

ನನಗೆ ಹೆಚ್ಚು ರುಚಿಸಿದ್ದು ತವರುಮನೆಯ ಕಥೆ. ನಮ್ಮಲ್ಲಿ ಚೊಚ್ಚಲ ಬಸುರಿ ಗಂಡನ ಮನೆಯ ಊರಲ್ಲಿ ಹೆಸರು ಬರೆಸುತ್ತಾಳೆ. ತಾಯಿ ಕಾರ್ಡ್ ಅಲ್ಲೇ ಸಿಗುತ್ತದೆ, ಮೊದಲ ರಕ್ತಪರೀಕ್ಷೆಯೂ ಅಲ್ಲೇ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮುಗಿಸಿ ತವರಿಗೆ ಹೊರಡುತ್ತಾಳೆ. ಅದು ಬೇರೆ ತಾಲ್ಲೂಕು, ಕೆಲವೊಮ್ಮೆ ಬೇರೆ ರಾಜ್ಯ. ಅಲ್ಲಿ ಹೆರಿಗೆ, ಅಲ್ಲೇ ಬಾಣಂತನ, ಮಗುವಿನ ಮೊದಮೊದಲ ಲಸಿಕೆಗಳೂ ಅಲ್ಲೇ. ಈ ಊರಿನ ಲೆಕ್ಕದಲ್ಲಿ ಆಕೆ ದಿನ ತುಂಬಿಯೂ ಹೆರದ ಬಸುರಿ. ಆ ಊರಿನವರು ಹೊಸದಾಗಿ ಬರೆದುಕೊಂಡರೆ ದೇಶದ ಲೆಕ್ಕದಲ್ಲಿ ಇಬ್ಬರು ಬಸುರಿಯರು, ಒಂದೇ ಮಗು. ಅಲ್ಲೂ ಬರೆದುಕೊಳ್ಳದಿದ್ದರೆ ಮಗುವೂ ಇಲ್ಲ. ಹೆಸರು ಹಿಡಿದು ಹಿಂಬಾಲಿಸುವ ವ್ಯವಸ್ಥೆ ಎಂದು ಕಟ್ಟಿದವರಿಗೆ ಬಸುರಿ ತವರಿಗೆ ಹೋಗುತ್ತಾಳೆ ಎಂಬುದು ನಮ್ಮ ಅಜ್ಜಿಯರನ್ನು ಕೇಳಿದ್ದರೂ ತಿಳಿಯುತ್ತಿತ್ತು. ಅಷ್ಟೂ ದಿನ ಆಕೆಯ ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲವನ್ನೂ ಊರಿಂದೂರಿಗೆ ಹೊತ್ತದ್ದು ಸರ್ವರ್ ಅಲ್ಲ, ಸೀರೆ ಮಡಿಕೆಯ ನಡುವೆ ಇಟ್ಟುಕೊಂಡ ಆ ತಾಯಿ ಕಾರ್ಡು.

ಫೋನ್ ನಂಬರಿನದು ಇನ್ನೊಂದು ಪ್ರಹಸನ. ಬಸುರಿಯ ನಂಬರ್ ಎಂದು ಬರೆದದ್ದು ಗಂಡನದು. ಒಟಿಪಿ ಬರುವ ಹೊತ್ತಿಗೆ ಅವನು ಗಾರೆ ಕೆಲಸದಲ್ಲಿ, ಫೋನು ಅಂಗಿ ಜೇಬಿನಲ್ಲಿ, ಅಂಗಿ ಗೂಟದ ಮೇಲೆ.

ನಗಬಹುದು, ಆದರೆ ಇದರ ಬಿಸಿ ಆಶಾ ಕಾರ್ಯಕರ್ತೆಯರ ಹೊಟ್ಟೆಗೆ ತಟ್ಟುತ್ತದೆ. ಅವರಿಗೆ ಸಂಬಳವಿಲ್ಲ, ಗೌರವಧನ, ಅದರ ಮೇಲೆ ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ. ಪೋರ್ಟಲ್ಲಿನಲ್ಲಿ ಎಂಟ್ರಿ ಕಾಣದಿದ್ದರೆ ಮಾಡಿದ ಕೆಲಸವೂ ಲೆಕ್ಕಕ್ಕಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತವರ ಅಹವಾಲಿನಲ್ಲಿ ಈ ಪೋರ್ಟಲ್ಲಿನ ಗೋಳೂ ಇತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೇ ಜಾಗತಿಕ ಗೌರವ ಕೊಟ್ಟಿತ್ತು. ಆ ಎಂಟ್ರಿ ಮಾತ್ರ ತಪ್ಪದೆ ಆಗಿದೆ!

ಎಲ್ಲವನ್ನೂ ಹಳಿಯಲು ಸಿಸ್ಟರ್ ಒಪ್ಪಲಿಲ್ಲ. “ನಿಕ್ಷಯ್ ನೋಡಿ. 2018ರಿಂದ ಕ್ಷಯದ ರೋಗಿ ಖಾತೆಗೆ ತಿಂಗಳಿಗೆ ಐನೂರು ಬಿತ್ತು, ಈಗ ಸಾವಿರ ಆಗಿದೆ. ಖಾಸಗಿ ಡಾಕ್ಟರು ತಿಳಿಸಿದ್ರೆ ಅವರಿಗೂ ಐನೂರು. ಎಂಟ್ರಿ ಆಗಿಲ್ಲ ಅಂದ್ರೆ ರೋಗಿನೇ ಬಂದು ಜಗಳ ಆಡ್ತಾನೆ. ಆ ಪೋರ್ಟಲ್ ಜೀವಂತ ಇದೆ.” ಕೋವಿಡ್ ಲಸಿಕೆಯ ಕೋವಿನ್ ಪೋರ್ಟಲ್ ಕೂಡ ಅಷ್ಟೆ. 220 ಕೋಟಿಗೂ ಮೀರಿ ಡೋಸ್ ಬರೆದುಕೊಂಡಿತು, ಜನ ಕಾದು ಕೂತು ಬರೆಸಿದರು, ಯಾಕೆಂದರೆ ಕೈಗೆ ಸರ್ಟಿಫಿಕೇಟ್ ಸಿಗುತ್ತಿತ್ತು. ಅದೇ ಮಾದರಿಯಲ್ಲಿ ಮಕ್ಕಳ ಲಸಿಕೆಗೆ ಯುವಿನ್ ಬಂದಿದೆ. ಎಲ್ಲಿ ಹುಟ್ಟಿದ ಮಗುವಾದರೂ ಎಲ್ಲಿ ಬೇಕಾದರೂ ಲಸಿಕೆ ಹಾಕಿಸಿಕೊಂಡು ಲೆಕ್ಕದಲ್ಲಿ ಉಳಿಯುವಂತೆ ಮಾಡಿದ್ದಾರೆ. ತವರುಮನೆಗೆ ಕೊನೆಗೂ ಮಾನ್ಯತೆ ಸಿಕ್ಕಿತು ಅನ್ನಿ. ನನ್ನ ತೀರ್ಪು ಇಷ್ಟು: ಬರೆದವರಿಗೂ ಬರೆಸಿದವರಿಗೂ ಏನಾದರೂ ವಾಪಸ್ ಬರುವ ಕಡೆ ಲೆಕ್ಕ ಸರಿ ಇರುತ್ತದೆ. ಬರೀ ಮೇಲಕ್ಕೇ ಹೋಗುವ ಕಡೆ, ಮೇಲಿನವರಿಗೆ ಏನು ಬೇಕೋ ಅದು ಹೋಗುತ್ತದೆ.

ಹುಟ್ಟಿನ ಕಥೆ ಇದಾದರೆ ಸಾವಿನದು ಇನ್ನೂ ಮಬ್ಬು. 1969ರಿಂದ ಜನನ-ಮರಣ ನೋಂದಣಿಗೆ ಕಾನೂನಿದೆ. ಆದರೆ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5 ಮಾತ್ರ. ಉಳಿದವರು ಏನಾಗಿ ಹೋದರು? ಮನೆಯವರು ಹೇಳಿದ್ದೇ ಕಾರಣ. “ಹೃದಯ ನಿಂತು ಹೋಯಿತು” ಎಂದು ಬರೆದವರೂ ಉಂಟು. ಸತ್ತವರಲ್ಲಿ ಹೃದಯ ನಿಲ್ಲದವರು ಯಾರಾದರೂ ಇದ್ದಾರೆಯೆ? ಇಂಥ ಲೆಕ್ಕ ಇಟ್ಟುಕೊಂಡು ಯಾವ ಜಿಲ್ಲೆಗೆ ಹೃದ್ರೋಗ ತಜ್ಞ ಬೇಕು, ಯಾವ ಜಿಲ್ಲೆಗೆ ಡಯಾಲಿಸಿಸ್ ಬೇಕು ಎಂದು ತೀರ್ಮಾನಿಸುವವರ ಧೈರ್ಯ ದೊಡ್ಡದು.

ಈಗ 14 ಅಂಕಿಯ ಆಭಾ ಸಂಖ್ಯೆ ಬಂದಿದೆ. ಎಲ್ಲ ಆಸ್ಪತ್ರೆಗಳ ಚೀಟಿಗಳನ್ನೂ ಒಂದೇ ದಾರದಲ್ಲಿ ಪೋಣಿಸುವ ಆಸೆ, ಒಳ್ಳೆಯದೇ. ನನ್ನದೂ ಮಾಡಿಸಿದ್ದೇನೆ. ಆದರೆ ನಾನು ಹೋಗುವ ಕ್ಲಿನಿಕ್ಕಿನ ಡಾಕ್ಟರು ಈಗಲೂ ಅವರಿಗೂ ಔಷಧಿ ಅಂಗಡಿಯವನಿಗೂ ಮಾತ್ರ ಅರ್ಥವಾಗುವ ಅಕ್ಷರದಲ್ಲಿ ಚೀಟಿ ಬರೆದು ಕೊಡುತ್ತಾರೆ. ಸಂಖ್ಯೆ ಕೊಡುವುದು ಸುಲಭ, ಆ ಸಂಖ್ಯೆಯ ಹಿಂದೆ ಏನಾದರೂ ತುಂಬಿಸುವುದು ಕಷ್ಟ.

“ಹೊಸ ಆ್ಯಪ್ ತರೋ ಮುಂಚೆ ಒಂದು ಹಳೇ ಪುಸ್ತಕ ಕಿತ್ತುಹಾಕಿ ಅಂತ ಯಾರಾದರೂ ಆರ್ಡರ್ ಮಾಡ್ಲಿ ಮೇಷ್ಟ್ರೇ” ಅಂದರು ಸಿಸ್ಟರ್. ಅಂಥ ಆರ್ಡರ್ ಬರುವವರೆಗೆ ನಮ್ಮ ಕೈಲಾದದ್ದು ನಾವು ಮಾಡೋಣ. ಮಗಳು ಬಾಣಂತನಕ್ಕೆ ಬಂದಾಗ ತಾಯಿ ಕಾರ್ಡ್ ಹಿಡಿದು ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕಂಡು ಬನ್ನಿ, ಹಳೆಯ ನೋಂದಣಿ ಸಂಖ್ಯೆಯನ್ನೇ ಮುಂದುವರಿಸಲು ಹೇಳಿ, ಫೋನ್ ನಂಬರ್ ಕೊಡುವಾಗ ಮನೆಯಲ್ಲೇ ಇರುವವರದು ಕೊಡಿ.