ಮಾವ ಕೂತಲ್ಲೇ, ಜಿಲ್ಲೆ ಸುತ್ತಾಟದಲ್ಲಿ

ಅರಸೀಕೆರೆ ಅಂದ ಕೂಡಲೇ ಬೆಂಗಳೂರಿನವರಿಗೆ ರೈಲು ಜಂಕ್ಷನ್ ನೆನಪಾಗುತ್ತದೆ. ಅದು ಹಾಸನದ್ದು. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಇಲ್ಲಿ ಓಡಾಡುವುದು ರೈಲಲ್ಲ, ಜಿಲ್ಲೆ. ಮೊದಲು ಬಳ್ಳಾರಿಯಲ್ಲಿದ್ದೆವು. 1997ರಲ್ಲಿ ದಾವಣಗೆರೆಗೆ ಸೇರಿದೆವು. ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕೆಂದು 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ. ಪೋಲಿಯೊದಿಂದ ಎರಡೂ ಕಾಲು ಸೋತ ನಮ್ಮ ಸೋದರಮಾವ ಪಡಸಾಲೆಯಲ್ಲಿ ಕೂತಲ್ಲೇ ಮೂರು ಜಿಲ್ಲೆ ನೋಡಿದರು.

ಅವರ ಹೆಸರಿನ ಸವಾರಿಯೂ ಕಡಿಮೆಯದಲ್ಲ. ಓಣಿಯಲ್ಲಿ ಕುಂಟ, ಕಾಗದದಲ್ಲಿ ಅಂಗವಿಕಲ, ಆಮೇಲೆ ವಿಕಲಚೇತನ. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ದಿವ್ಯಾಂಗ ಅಂದರು. "ದಿವ್ಯ ಅಂದ್ರೆ ದೇವರ ಬಾಬತ್ತು ಅಲ್ಲೇನೋ? ದೇವರನ್ನಾದ್ರೆ ಪಲ್ಲಕ್ಕಿ ಮೇಲೆ ಹೊರ್ತಾರ," ಅಂದರು ಮಾವ.

ಡಿಸೆಂಬರ್ 3, ಅಂಗವಿಕಲರ ದಿನ ಬಂದರೆ ಸನ್ಮಾನ. ವೇದಿಕೆಗೆ ಐದು ಮೆಟ್ಟಿಲು, ಹಾಗಾಗಿ ಸನ್ಮಾನಿತರು ಕೆಳಗೆ. ಮನಸ್ಸು ಮಾಡಿದರೆ ನೀವು ಉಚ್ಚಂಗಿದುರ್ಗದ ಬೆಟ್ಟವನ್ನೇ ಏರಬಲ್ಲಿರಿ ಎಂದು ಮೇಲಿನಿಂದ ಭಾಷಣ.

ಹೋದ ವರ್ಷ ಮಾಸಾಶನದ ಕೆಲಸಕ್ಕೆ ಮಾವನ ಜೊತೆ ಒಂದು ಕಚೇರಿಗೆ ಹೋದೆ. ಯಾವುದು ಅನ್ನುವುದು ಬೇಡ. ಎಲ್ಲವೂ ಒಬ್ಬನೇ ಮೇಸ್ತ್ರಿ ಕಟ್ಟಿದ ಹಾಗಿರುತ್ತವೆ. ಒಂದಡಿ ಏರಲು ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಇರಬೇಕೆಂಬುದು ಲೆಕ್ಕ. ಅಲ್ಲಿ ಮೂರು ಮೆಟ್ಟಿಲು, ಒಂದೂವರೆ ಅಡಿ ಎತ್ತರ. ಅಂದರೆ ಹದಿನೆಂಟು ಅಡಿ. ಮೇಸ್ತ್ರಿ ನಾಲ್ಕರಲ್ಲೇ ಮುಗಿಸಿದ್ದ. ಉಳಿದ ಹದಿನಾಲ್ಕು ಅಡಿ ಬಿಲ್ಲಿನಲ್ಲಿ ಇರಬಹುದು. ಮೇಲೆ ಫಳಫಳ ಟೈಲ್ಸ್, ಹಿಡಿಯಲು ಕಂಬಿ ಇಲ್ಲ. ಎರಡು ಗಟ್ಟಿ ಕಾಲಿದ್ದವರನ್ನೂ ಫಲಾನುಭವಿಗಳ ಪಟ್ಟಿಗೆ ಸೇರಿಸುವ ಶಕ್ತಿ ಅದಕ್ಕಿತ್ತು. ಹಾಗೆಂದು ದಂಡವಾಗಿರಲಿಲ್ಲ. ಸಾಹೇಬರ ಬೈಕು ದಿನವೂ ಅದರ ಮೇಲೇರಿ ವರಾಂಡದ ನೆರಳಿಗೆ ಹೋಗುತ್ತಿತ್ತು. ಬೈಕೂ ಪಾಪ, ಸ್ಟ್ಯಾಂಡಿನ ಆಸರೆ ಇಲ್ಲದೆ ನಿಲ್ಲಲಾರದು.

ಕಾನೂನಿಗೇನೂ ಬರವಿಲ್ಲ. 1995ರದ್ದೊಂದು, 2016ರದ್ದೊಂದು. ಎರಡನೆಯದು ವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೇರಿಸಿತು, ಹಳೆಯ ಸರ್ಕಾರಿ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷ ಕೊಟ್ಟಿತು. ಆ ಗಡುವು 2022ರಲ್ಲೇ ತೀರಿತು. ಕಾಯ್ದೆ 'ಕಡ್ಡಾಯ' ಅಂದದ್ದನ್ನು ನಿಯಮ ಬರೆದವರು 'ಸಲಹೆ' ಮಾಡಿಬಿಟ್ಟಿದ್ದರು. ಕೈ ತೊಳೆದು ಎದ್ದವರು ದಾರಿಹೋಕರನ್ನು ಊಟಕ್ಕೆ ಕರೆದ ಹಾಗೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ಕಾಯ್ದೆಗೇ ವಿರುದ್ಧ ಎಂದು, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ತನ್ನಿ ಎಂದಿತು. ದಿಲ್ಲಿಯ ಮಾತು ನಮ್ಮ ಮೇಸ್ತ್ರಿಯ ಕಿವಿಗೆ ಯಾವಾಗ ಬೀಳುತ್ತದೋ.

ಕಚೇರಿಯ ಗುಮಾಸ್ತರು ಹೊರಗೆ ಬಂದರು. ಕೆಟ್ಟವರಲ್ಲ. "ಹೆಬ್ಬೆಟ್ಟು ಒತ್ತಬೇಕ್ರೀ, ಮಷಿನ್ನಿನ ವೈರು ಇಲ್ಲೀತನಕ ಬರಂಗಿಲ್ಲ. ಎತ್ಕೊಂಡು ಬರ್ರಿ," ಅಂದರು. ಹೇಳಿದ್ದು ನನಗೆ, ಮಾವನ ಕಡೆ ನೋಡಲಿಲ್ಲ.

ಮಾವ ತ್ರಿಚಕ್ರ ಸ್ಕೂಟರಿನ ಮೇಲೆ ಕೂತೇ ಬಾಗಿಲ ಮೇಲಿನ ಬೋರ್ಡು ಓದುತ್ತಿದ್ದರು. ವಿಜಯನಗರದ ಬಣ್ಣ ಚಕ್ಕೆ ಎದ್ದಲ್ಲಿ ಬಳ್ಳಾರಿ, ಅದರಡಿ ದಾವಣಗೆರೆ, ಅದರಡಿ ಮತ್ತೊಂದು ಬಳ್ಳಾರಿ ಇಣುಕುತ್ತಿದ್ದವು.

"ಅಲ್ಲೋ, ಬೋರ್ಡು ಬರೆಯಾವ ಅಷ್ಟೆತ್ತರಕ್ಕ ನಾಕು ಸಲ ಹೆಂಗ ಹತ್ತಿದ?"

"ಏಣಿ ಇಟ್ಟಿರ್ತಾರ, ಮಾವಾ."

"ಹಂಗಾರ ಅವನಿಗೆ ಇಟ್ಟಾರ, ನೋಡು," ಅಂದರು.