ರಟೂನ್ ಅಂದ್ರ ಯಾವ ಪ್ರಾಣಿ?

ಮುಧೋಳದ ಚಹಾದಂಗಡಿಯಲ್ಲಿ ಕಬ್ಬಿನ ಬಿಲ್ಲಿನ ಮಾತಿಲ್ಲದೆ ಬಸಿ ಖಾಲಿಯಾಗದು. ಅಂಥಲ್ಲಿ ಕೃಷಿ ಡಿಗ್ರಿಯ ಹುಡುಗನೊಬ್ಬ ‘ರಟೂನ್ ನಿರ್ವಹಣೆ’ ಎಂದುಬಿಟ್ಟರೆ? ಒಬ್ಬರಿಗೆ ಅದು ಕಾರ್ಟೂನ್, ಇನ್ನೊಬ್ಬರಿಗೆ ಇಲಿಯ ಕಾಟ. ‘ನಮ್ಮ ಮುಧೋಳ ನಾಯಿ ಬಿಟ್ರ ಹಿಡೀತಾವಲ್ಲ ತಮ್ಮಾ?’ ಎಂದು ಮೂರನೆಯವರ ಭರವಸೆ.

ಉಚ್ಚಾರ ಸರಳ: ‘ರ’ವನ್ನು ಅರ್ಧ ನುಂಗಿ ‘ಟೂನ್’ ಮೇಲೆ ಒತ್ತು ಹಾಕಿ. ಮೂಲ ಸ್ಪ್ಯಾನಿಷ್‌ನ ‘ರೆತೋನ್ಯೊ’, ಅಂದರೆ ಚಿಗುರು. ಇಷ್ಟೆಲ್ಲ ಸುತ್ತಿ ಬಂದು ನಿಂತದ್ದು ನಮ್ಮ ಕೂಳೆ ಕಬ್ಬಿನ ಹತ್ತಿರ!

ಕಡಿದ ಬುಡದಿಂದ ತಾನೇ ಚಿಗಿಯುವ ಬೆಳೆ ಇದು. ಬೀಜದ ಖರ್ಚಿಲ್ಲ, ಉಳುಮೆಯಿಲ್ಲ, ನಾಟಿ ಕಬ್ಬಿಗಿಂತ ಬೇಗ ಮಾಗುತ್ತದೆ. ಹಾಗಂತ ಕಾಲು ಚಾಚಿ ಮಲಗುವಂತಿಲ್ಲ. ಬುಡವನ್ನು ನೆಲಮಟ್ಟಕ್ಕೆ ಸವರಬೇಕು, ಸಾಲಿನ ಖಾಲಿ ಜಾಗ ತುಂಬಬೇಕು, ಸಾರಜನಕವನ್ನು ತುಸು ಹೆಚ್ಚೇ ಕೊಡಬೇಕು. ಕೂಳೆ ಮೇಲೆ ಕೂಳೆ ಬಿಡುತ್ತ ಹೋದರೆ ಇಳುವರಿ ಇಳಿಯುತ್ತದೆ.

ಎಲ್ಲ ಕೇಳಿದ ಕಾಕಾ ತಲೆಯಾಡಿಸಿದರು: ‘ತೀರಿಸಿದಂಗೆಲ್ಲ ಬುಡದಾಗಿಂದ ಮತ್ತ ಚಿಗಿಯೂ ಬ್ಯಾಂಕಿನ ಸಾಲಕ್ಕೂ ರಟೂನ್ ಅನಬಹುದಲ್ಲ ತಮ್ಮಾ? ಅದರ ಇಳುವರಿ ಮಾತ್ರ ಇಳಿಯೂದs ಇಲ್ಲ!’ ಹುಡುಗನ ಪುಸ್ತಕದಲ್ಲಿ ಅದರ ನಿರ್ವಹಣೆ ಇರಲಿಲ್ಲ.