ನಕಾರಪತ್ರ ಮೀಮಾಂಸೆ

ಕುರುಕ್ಷೇತ್ರ ಯುದ್ಧಕ್ಕೆ ಕಾರಣವೇನೆಂಬ ಬಗ್ಗೆ ಪಂಡಿತರಲ್ಲಿ ಮತಭೇದವಿದೆ. ಜೂಜು ಎನ್ನುವವರಿದ್ದಾರೆ, ದ್ರೌಪದಿಯ ಬಿಚ್ಚಿದ ಮುಡಿ ಎನ್ನುವವರಿದ್ದಾರೆ, ಶಕುನಿಯನ್ನು ದೂರುವವರಂತೂ ಊರೂರಲ್ಲೂ ಸಿಗುತ್ತಾರೆ. ಪ್ರಸ್ತುತ ಪ್ರಬಂಧಕಾರನ ಮತ ಬೇರೆ. ಹಸ್ತಿನಾವತಿಯ ಕಚೇರಿಯಲ್ಲಿ ಪತ್ರವ್ಯವಹಾರ ಬಲ್ಲ ಒಬ್ಬ ಗುಮಾಸ್ತ ಇರಲಿಲ್ಲ, ಅದೇ ಕಾರಣ. ಪಾಂಡವರು ಕೊನೆಗೆ ಕೇಳಿದ್ದು ಐದೇ ಊರು. ಅರ್ಜಿ ಹಿಡಿದು ಕೃಷ್ಣನೇ ಖುದ್ದಾಗಿ ಬಂದಿದ್ದ. ಸೂಜಿಮೊನೆಯಷ್ಟೂ ನೆಲ ಕೊಡುವುದಿಲ್ಲವೆಂದು ದುರ್ಯೋಧನ ಬಾಯಲ್ಲೇ ಹೇಳಿ ಕೈತೊಳೆದುಕೊಂಡ. ಉಲ್ಲೇಖ ಸಂಖ್ಯೆಯಿಲ್ಲ, ದಿನಾಂಕವಿಲ್ಲ, ವಿಷಾದವಿಲ್ಲ. ಹದಿನೆಂಟು ಅಕ್ಷೌಹಿಣಿ ಹದಿನೆಂಟು ದಿನದಲ್ಲಿ ಮುಗಿಯಿತು. ಅಕ್ಷೌಹಿಣಿಯೊಂದಕ್ಕೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಗುಣಾಕಾರವನ್ನು ಓದುಗರಿಗೆ ಬಿಟ್ಟಿದೆ.

ಇದನ್ನೆಲ್ಲ ತಪ್ಪಿಸಲು ಬೇಕಿದ್ದದ್ದು ಒಂದು ಹಾಳೆ.

"ಮಾನ್ಯರೆ, ವಿಷಯ: ಐದು ಗ್ರಾಮಗಳ ಮಂಜೂರಾತಿ ಕೋರಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಅಜ್ಞಾತವಾಸದ ಅವಧಿ ಪೂರ್ಣಗೊಂಡ ಬಗ್ಗೆ, ಅಧಿಕಮಾಸದ ಲೆಕ್ಕದೊಂದಿಗೆ, ಮತ್ಸ್ಯದೇಶದ ಸಕ್ಷಮ ಪ್ರಾಧಿಕಾರದಿಂದ ಪಡೆದ ದೃಢೀಕರಣ ಪತ್ರವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಿದಲ್ಲಿ ನಿಯಮಾನುಸಾರ ಕ್ರಮ ವಹಿಸಲಾಗುವುದು."

ಧರ್ಮರಾಯನ ಸ್ವಭಾವ ಬಲ್ಲವರು ಒಪ್ಪುತ್ತಾರೆ: ಆತ ದೃಢೀಕರಣ ಪತ್ರಕ್ಕಾಗಿ ವಿರಾಟನಗರಕ್ಕೆ ಅಲೆದಾಡುತ್ತ ಉಳಿದ ಆಯುಸ್ಸನ್ನು ನೆಮ್ಮದಿಯಾಗಿ ಕಳೆಯುತ್ತಿದ್ದ. ಭೀಮನ ವಿಷಯದಲ್ಲಿ ಮಾತ್ರ ಸಂಶೋಧನೆ ಇನ್ನೂ ಆಗಬೇಕಿದೆ.

ಈ ಶಾಸ್ತ್ರ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಜನ ಗೂಢಚಾರರಿಗಾಗಿ, ತೆರಿಗೆಗಾಗಿ, ವಿಷಪ್ರಯೋಗಕ್ಕಾಗಿ ಓದುತ್ತಾರೆ. ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯ ಪೂರ್ತಿಯಾಗಿ ಪತ್ರ ಬರೆಯುವುದರ ಬಗೆಗೇ ಇರುವುದು ಯಾರಿಗೂ ಬೇಕಾಗಿಲ್ಲ. ಪತ್ರದ ವಿಷಯಗಳು ಹದಿಮೂರು ಬಗೆ ಎನ್ನುತ್ತಾನೆ ಆಚಾರ್ಯ. ನಿಂದೆ, ಹೊಗಳಿಕೆ, ವಿಚಾರಣೆ, ಬೇಡಿಕೆ ಹೀಗೆ ಸಾಗುವ ಆ ಪಟ್ಟಿಯಲ್ಲಿ ಬೇಡಿಕೆಯ ಬೆನ್ನಿಗೇ ಕೂತಿರುವುದು ಪ್ರತ್ಯಾಖ್ಯಾನ, ಅಂದರೆ ನಕಾರ. ಕೇಳುವವನು ಬಂದ ತಕ್ಷಣ ಇಲ್ಲವೆನ್ನುವವನನ್ನು ಎದುರಿಗೆ ಕೂರಿಸಿದ ಈ ಜೋಡಣೆಯಲ್ಲೇ ಆತನ ಆಡಳಿತಾನುಭವ ಕಾಣುತ್ತದೆ. ಪತ್ರಕ್ಕೆ ಮಾಧುರ್ಯ ಇರಬೇಕೆಂದೂ ಆತ ವಿಧಿಸುತ್ತಾನೆ. ಮಾಸಿದ ಹಾಳೆ, ಓರೆಕೋರೆ ಅಕ್ಷರ, ಹೇಳಿದ್ದನ್ನೇ ಹೇಳುವುದು, ಹಿಂದೆ ಹೇಳಿದ್ದಕ್ಕೆ ಮುಂದೆ ಹೇಳಿದ್ದು ಅಡ್ಡಬರುವುದು, ಇವೆಲ್ಲ ದೋಷ. ಈ ಕೊನೆಯ ಎರಡನ್ನು ತೆಗೆದರೆ ನಮ್ಮ ಸುತ್ತೋಲೆಗಳಲ್ಲಿ ಉಳಿಯುವುದು ಮೊಹರು ಮಾತ್ರ. ಇರಲಿ.

ಆದರೆ ನಕಾರಕ್ಕೆ ಕೌಟಿಲ್ಯ ಕೊಟ್ಟ ಮಾದರಿ ತೀರಾ ಬೋಳು. ಕೊಡುವುದಿಲ್ಲ ಎಂಬಷ್ಟೇ ಅದರ ತಾತ್ಪರ್ಯ. ಚಕ್ರವರ್ತಿಗೆ ಇದು ನಡೆಯುತ್ತದೆ, ಬಾಗಿಲಲ್ಲಿ ಸೈನ್ಯವಿರುತ್ತದೆ. ಊದುಬತ್ತಿ ಕಂಪನಿಯ ಮ್ಯಾನೇಜರಿಗೆ ಇರುವುದು ಒಬ್ಬ ವಾಚ್‌ಮನ್. ಆ ವಾಚ್‌ಮನ್ನೇ ದೇಣಿಗೆ ಕೇಳಲು ಬಂದ ರಾಜ್ಯೋತ್ಸವ ಸಮಿತಿಯ ಖಜಾಂಚಿ.

ಹೀಗಾಗಿ ಶಾಸ್ತ್ರ ರಾಜನೀತಿಯನ್ನು ಬಿಟ್ಟು ಕಾವ್ಯಮೀಮಾಂಸೆಯ ಮನೆ ಹೊಕ್ಕಿತು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿಗೆ ಕೊಡುವ ಮೊದಮೊದಲ ಉದಾಹರಣೆಯೇ ಒಂದು ನಕಾರ. ಗೋದಾವರಿ ದಂಡೆಯ ಪೊದೆಯಲ್ಲಿ ನಲ್ಲನನ್ನು ಕಾಣಬೇಕಿರುವ ಹೆಣ್ಣಿಗೆ, ಅಲ್ಲೇ ಅಡ್ಡಾಡಲು ಬರುವ ಧಾರ್ಮಿಕನೊಬ್ಬನ ಕಾಟ. ಬರಬೇಡ ಎಂದು ಅವಳು ಹೇಳುವುದಿಲ್ಲ. ಸ್ವಾಮಿ, ನೀವು ಇನ್ನು ಧಾರಾಳವಾಗಿ ಅಡ್ಡಾಡಿ, ನಿಮ್ಮನ್ನು ಹೆದರಿಸುತ್ತಿದ್ದ ಆ ನಾಯಿಯನ್ನು ಅಲ್ಲಿನ ಸಿಂಹ ಕೊಂದುಹಾಕಿತು ಎನ್ನುತ್ತಾಳೆ. ವಾಚ್ಯದಲ್ಲಿ ಅನುಮತಿ, ವ್ಯಂಗ್ಯದಲ್ಲಿ ನಿಷೇಧ. ಸಾವಿರ ವರ್ಷ ಕಳೆದರೂ ಯಾವ ಬ್ಯಾಂಕಿನ ಸಾಲ ವಿಭಾಗವೂ ಇದನ್ನು ಮೀರಿಸಿಲ್ಲ. "ತಾವು ಯಾವಾಗ ಬೇಕಾದರೂ ಮತ್ತೆ ಅರ್ಜಿ ಸಲ್ಲಿಸಬಹುದು" ಎಂಬ ವಾಕ್ಯದ ಒಳಗೆ ಆ ಸಿಂಹ ಇಂದಿಗೂ ಮಲಗಿದೆ.

ಈಗ ಪ್ರಯೋಗಕಾಂಡ. ಸಮಿತಿಯವರು ಶಾಮಿಯಾನ ಮತ್ತು ಮೈಕ್‌ಸೆಟ್ಟಿನ ಖರ್ಚು ವಹಿಸಿಕೊಳ್ಳಬೇಕೆಂದು ಕೇಳಿದ್ದಕ್ಕೆ ಮೇಲೆ ಹೇಳಿದ ಊದುಬತ್ತಿ ಕಂಪನಿ ಬರೆದ ಉತ್ತರವನ್ನು ಬಿಡಿಸಿ ನೋಡೋಣ. ಪಾಠ ಶುದ್ಧವಾಗಿದೆ, ಪ್ರತಿ ಒಂದೇ ಇರುವುದರಿಂದ ಪಾಠಾಂತರದ ಕಾಟವಿಲ್ಲ. ಮೇಲೊಂದು ಚಹಾದ ಲೋಟದ ಉಂಗುರವಿದೆ, ಅದು ಪ್ರಕ್ಷಿಪ್ತ.

"ನಾಡುನುಡಿಯ ಸೇವೆಯಲ್ಲಿ ತಮ್ಮ ಸಂಘವು ನಿರಂತರವಾಗಿ ತೊಡಗಿಸಿಕೊಂಡಿರುವುದು ನಮ್ಮ ಸಂಸ್ಥೆಗೆ ಅತೀವ ಹರ್ಷ ತಂದಿದೆ." ಇದು ಮಂಗಳಾಚರಣೆ. ಅನುಭವಿಗಳು ಪತ್ರವನ್ನು ಇಲ್ಲಿಗೇ ಮಡಿಸಿ ಜೇಬಿಗಿಡುತ್ತಾರೆ. ಹಣ ಕೊಡುವವನು ಹೊಗಳುವುದಿಲ್ಲ, ಅವನು ಚೆಕ್ಕು ಬರೆಯುತ್ತಾನೆ. ಅದರಲ್ಲಿ ಹರ್ಷಕ್ಕೆ ಜಾಗ ಬಿಟ್ಟಿಲ್ಲ.

"ಆದಾಗ್ಯೂ ಪ್ರಸಕ್ತ ಸಾಲಿನ ಅನುದಾನವು ಈಗಾಗಲೇ ಹಂಚಿಕೆಯಾಗಿರುವುದರಿಂದ ತಮ್ಮ ಕೋರಿಕೆಯನ್ನು ಈಡೇರಿಸಲು ಸಾಧ್ಯವಾಗದಿರುವುದಕ್ಕೆ ವಿಷಾದಿಸಲಾಗಿದೆ." ಇದು ಗರ್ಭಾಂಕ. ಇಲ್ಲಿ ಹಂಚಿದವರು ಯಾರು? ತಾನೇ ಹಂಚಿಕೆಯಾಗಿದೆ. ಯಾರ ಕೈಲಿ ಸಾಧ್ಯವಾಗಲಿಲ್ಲ? ಯಾರ ಕೈಲೂ ಅಲ್ಲ. ಹೋಗಲಿ, ವಿಷಾದಪಟ್ಟವರು ಯಾರು? ವಿಷಾದಿಸಲಾಗಿದೆ. ಹುಟ್ಟಿನಿಂದ ಕರ್ತರಿ ಪ್ರಯೋಗವನ್ನೇ ಆಡಿಕೊಂಡು ಬಂದ ಕನ್ನಡಿಗ, ಲೆಟರ್‌ಹೆಡ್ ಮುಂದೆ ಕೂತ ಕ್ಷಣ ಕರ್ತೃವನ್ನು ಮನೆಗೆ ಕಳಿಸಿಬಿಡುತ್ತಾನೆ. ದುಃಖವೊಂದು ಆಫೀಸಿನ ತುಂಬ ಸುಳಿದಾಡುತ್ತಿದೆ, ಆದರೆ ದುಃಖಿತರ ಹಾಜರಿಯಿಲ್ಲ. ಪತ್ರ ಹಿಡಿದು ಒಳನುಗ್ಗಿ ಯಾರ ಕೊರಳಪಟ್ಟಿಯನ್ನು ಹಿಡಿಯಬೇಕೆಂದು ಸಮಿತಿಯ ಅಧ್ಯಕ್ಷರಿಗೆ ತಿಳಿಯದಂತೆ ಮಾಡುವುದೇ ಈ ಪ್ರಯೋಗದ ಫಲಶ್ರುತಿ.

"ಮುಂದಿನ ವರ್ಷ ತಮ್ಮ ಮನವಿಯನ್ನು ಆದ್ಯತೆಯ ಮೇಲೆ ಪರಿಗಣಿಸಲಾಗುವುದು." ಇದರ ವ್ಯಾಖ್ಯಾನ ಮುಂದೆ ಬರುತ್ತದೆ. ಕೊನೆಗೆ "ತಮ್ಮ ವಿಶ್ವಾಸಿ", ಅದರ ಕೆಳಗೆ ಓದಲಾಗದ ಸಹಿ, ಅದರ ಪಕ್ಕ "ಪರವಾಗಿ". ಬರೆದವನು ಒಬ್ಬ, ಬರೆಸಿದವನು ಒಬ್ಬ, ಸಹಿ ಮಾಡಿದವನು ಊಟಕ್ಕೆ ಹೋಗಿದ್ದಾನೆ.

ಉದ್ದ ಹೆಚ್ಚಾಯಿತೆಂದು ಆಕ್ಷೇಪಿಸುವ ಪೂರ್ವಪಕ್ಷಿಗಳಿಗೆ ಉತ್ತರವಾಗಿ, ಕನ್ನಡದ ಅತಿ ಚಿಕ್ಕ ನಕಾರಪತ್ರವನ್ನು ಇಲ್ಲಿ ದಾಖಲಿಸಬೇಕು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಆಮೇಲೆ ಹಳ್ಳಿಹಳ್ಳಿಗಳಲ್ಲಿ, ಮನೆಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಲ್ಲಿ "ನಾಳೆ ಬಾ" ಎಂದು ಬರೆದದ್ದು ಹಲವರಿಗೆ ನೆನಪಿರುತ್ತದೆ. ರಾತ್ರಿ ಮನೆಯವರ ದನಿಯಲ್ಲೇ ಕರೆದು ಬಾಗಿಲು ತೆಗೆಸುವ ದೆವ್ವವನ್ನು ಉದ್ದೇಶಿಸಿದ ಪತ್ರ ಅದು. ದೆವ್ವ ಓದುತ್ತದೆ, ಹಿಂದಿರುಗುತ್ತದೆ, ಮರುದಿನ ಬರುತ್ತದೆ, ಮತ್ತೆ ಓದುತ್ತದೆ. ಒರಟುತನವಿಲ್ಲ, ಕಾರಣ ಕೊಡುವ ತಾಪತ್ರಯವಿಲ್ಲ, ಹೊಸದಾಗಿ ಟೈಪು ಮಾಡಿಸುವ ಖರ್ಚೂ ಇಲ್ಲ. ಸಾಕ್ಷರತಾ ಆಂದೋಲನದ ಫಲ ದೆವ್ವಗಳಿಗೂ ಮುಟ್ಟಿತ್ತೆಂಬುದಕ್ಕೆ ಇದೊಂದೇ ಲಿಖಿತ ಆಧಾರ. ದಿನಸಿ ಅಂಗಡಿಯ "ಇಂದು ನಗದು, ನಾಳೆ ಉದ್ರಿ" ಫಲಕ ಇದೇ ಸಂಪ್ರದಾಯದ ವಾಣಿಜ್ಯ ಶಾಖೆ.

ಇಂಥ ಕಲೆಗೆ ಕಂಟಕ ಬಂದದ್ದು ಕಾನೂನಿನಿಂದ. 2005ರ ಮಾಹಿತಿ ಹಕ್ಕು ಕಾಯ್ದೆ, ಮಾಹಿತಿ ಕೊಡುವುದಿಲ್ಲವಾದರೆ ಕಾರಣ ಹೇಳಬೇಕು, ಯಾರಿಗೆ ಮೇಲ್ಮನವಿ ಹಾಕಬೇಕೆಂದೂ ತಿಳಿಸಬೇಕು, ಅದೂ 30 ದಿನದೊಳಗೆ ಎಂದಿತು. ಸಾಲ ನಿರಾಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ಕೊಡಿ ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತು. ಧ್ವನಿಯನ್ನು ಕೊಂದು ವಾಚ್ಯವನ್ನು ಸಿಂಹಾಸನಕ್ಕೇರಿಸುವ ಹುನ್ನಾರವಿದು. ಬ್ಯಾಂಕುಗಳು ಎದೆಗುಂದಲಿಲ್ಲ. "ಬ್ಯಾಂಕಿನ ಆಂತರಿಕ ಮಾನದಂಡಗಳಿಗೆ ಅನುಗುಣವಾಗಿಲ್ಲದ ಕಾರಣ" ಎಂದು ಕಾರಣ ಕೊಟ್ಟವು. ಮಾನದಂಡ ಯಾವುದು? ಅದು ಆಂತರಿಕ.

ನಮ್ಮ ರಾಜ್ಯದ ಸಕಾಲ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವೆಂದು 2012ರಲ್ಲಿ ಜಾರಿಗೆ ಬಂತು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಕ್ರಾಂತಿಕಾರಿ ಬೆಳವಣಿಗೆ. ಸರ್ಕಾರವೊಂದು "ನಾಳೆ ಬಾ" ಎಂಬುದಕ್ಕೆ ಅಧಿಕೃತ ದರ ಗೊತ್ತುಮಾಡಿದ್ದು ನಾನು ಕಂಡಂತೆ ಇದೇ ಮೊದಲು. ಮೊದಲ 25 ನಾಳೆಗಳಿಗೆ ಹಣ ಬರುತ್ತದೆ, ಆಮೇಲಿನವು ಉಚಿತ.

ಇನ್ನು ಬಾಕಿ ಉಳಿಸಿದ ವ್ಯಾಖ್ಯಾನ. ನಕಾರಪತ್ರ ಫಲಿಸಬೇಕಾದರೆ ಓದುವವನು ಸಹೃದಯನಾಗಿರಬೇಕೆಂಬ ಸಣ್ಣ ಷರತ್ತನ್ನು ಶಾಸ್ತ್ರಕಾರರು ಹಾಕಿದ್ದಾರೆ. ರಾಜ್ಯೋತ್ಸವ ಸಮಿತಿಯವರು ಸಹೃದಯರಲ್ಲ, ಪ್ರಾಮಾಣಿಕರು. "ಆದ್ಯತೆಯ ಮೇಲೆ ಪರಿಗಣಿಸಲಾಗುವುದು" ಎಂಬುದನ್ನು ಅವರು ಇದ್ದಹಾಗೆ ಓದಿಕೊಂಡು, ಕಾರ್ಯಕಾರಿ ಸಭೆಯಲ್ಲಿ ಅಭಿನಂದನಾ ನಿರ್ಣಯ ಮಂಡಿಸಿ, ಪತ್ರವನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿದರು. ಮರುವರ್ಷ ಸರ್ಕಲ್ಲಿನಲ್ಲಿ ಎದ್ದ ಫ್ಲೆಕ್ಸಿನಲ್ಲಿ ಭುವನೇಶ್ವರಿಯ ಎಡಕ್ಕೆ ಮ್ಯಾನೇಜರರ ಭಾವಚಿತ್ರ, ಕೆಳಗೆ "ಶಾಮಿಯಾನ ಮತ್ತು ಮೈಕ್‌ಸೆಟ್ ದಾನಿಗಳು" ಎಂಬ ಒಕ್ಕಣೆ. ನವೆಂಬರ್ ಮುಗಿದು ಡಿಸೆಂಬರ್ ಎರಡನೆಯ ವಾರಕ್ಕೆ ರಾಜ್ಯೋತ್ಸವವೂ ಮುಗಿದ ಮೇಲೆ ವಾಚ್‌ಮನ್ ಬಿಲ್ಲು ತಂದು ಮೇಜಿನ ಮೇಲಿಟ್ಟ. ಜತೆಗಿದ್ದ ಪತ್ರದಲ್ಲಿ, ಸದರಿ ಮೊತ್ತವನ್ನು ಆದ್ಯತೆಯ ಮೇಲೆ ಪಾವತಿಸಲು ಕೋರಲಾಗಿತ್ತು.

ಅದಕ್ಕೆ ಕಂಪನಿ ಕೊಟ್ಟ ಉತ್ತರ ಎರಡೇ ಸಾಲಿನದು. ಅದರಲ್ಲಿ ಹರ್ಷವಿಲ್ಲ, ವಿಷಾದವಿಲ್ಲ, ಕರ್ತೃವಿದ್ದಾನೆ, ಸಹಿಯನ್ನು ಓದಬಹುದು. ಕೌಟಿಲ್ಯನ ಹದಿಮೂರರಲ್ಲಿ ಅದು ಭರ್ತ್ಸನ ಎಂಬ ಬೇರೆಯೇ ವರ್ಗಕ್ಕೆ, ಅಂದರೆ ಗದರಿಕೆಗೆ ಸೇರುವುದರಿಂದ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಒಳಪಡುವುದಿಲ್ಲ.